ಪ್ರಯೋಗದ ತಾಕಿನಲ್ಲಿ ಗೆದ್ದ ತಳಿ ರೈತರ ಹೊಲದಲ್ಲಿ ಏಕೆ ನಿಲ್ಲುತ್ತಿಲ್ಲ?

ಅಲಸಂದೆ ಸಂಶೋಧಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮಳೆಯನ್ನೇ ನಂಬಿದ ಒಣಭೂಮಿಗೆಂದು ಅಲಸಂದೆಯ ಅಲ್ಪಾವಧಿ ತಳಿಯೊಂದನ್ನು ಅಭಿವೃದ್ಧಿಪಡಿಸಿದ ತಂಡದಲ್ಲಿ ನಾನಿದ್ದೇನೆ. ಬಿತ್ತಿದ ಎರಡು ತಿಂಗಳ ಆಸುಪಾಸಿನಲ್ಲಿ ಕೊಯ್ಲಿಗೆ ಬರುವ, ಹಬ್ಬದೆ ನೆಟ್ಟಗೆ ನಿಲ್ಲುವ, ಕಾಯಿಗಳೆಲ್ಲ ಒಟ್ಟಿಗೇ ಮಾಗುವ ತಳಿ ಇದು. ಮೂರು ಹಂಗಾಮುಗಳ ಕಾಲ ಸಂಶೋಧನಾ ಕೇಂದ್ರದ ತಾಕುಗಳಲ್ಲಿ ಸ್ಥಳೀಯ ತಳಿಗಿಂತ ಸ್ಪಷ್ಟವಾಗಿ ಹೆಚ್ಚು ಕಾಳು ಕೊಟ್ಟಿತು. ಆನಂತರ ಚಿಕ್ಕ ಚೀಲಗಳಲ್ಲಿ ಬೀಜ ಹಂಚಿದೆವು, ಪ್ರಾತ್ಯಕ್ಷಿಕೆಗಳನ್ನು ಏರ್ಪಡಿಸಿದೆವು. ಕ್ಷೇತ್ರೋತ್ಸವಕ್ಕೆ ಬಂದವರೆಲ್ಲ ಕಾಯಿ ಸುಲಿದು, ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ ಮೆಚ್ಚಿದರು.

ಮರುವರ್ಷ ಹೋಗಿ ನೋಡಿದಾಗ, ಬೀಜ ಪಡೆದವರಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ ಅದನ್ನು ಮತ್ತೆ ಬಿತ್ತಿದ್ದರು. ನಮ್ಮ ಸಂಸ್ಥೆಯ ವರದಿಯಲ್ಲಿ ಇದಕ್ಕೆ ‘ಅರಿವಿನ ಕೊರತೆ’ ಎಂಬ ಕಾರಣ ಕೊಡಲಾಗಿದೆ. ಆ ಮಾತನ್ನು ಒಪ್ಪಲು ನನಗೆ ಮನಸ್ಸು ಬರುತ್ತಿಲ್ಲ, ಏಕೆಂದರೆ ಆ ತಳಿಯ ಬಗ್ಗೆ ತಿಳಿದೇ ಅವರು ಅದನ್ನು ಬಿಟ್ಟಿದ್ದಾರೆ. ಬೆಳೆ ಸಂಶೋಧನೆ ರೈತರ ಕೈಗೆ ಉಪಯೋಗದ ವಸ್ತುವಾಗಿ ತಲುಪಿದ ಮತ್ತು ತಲುಪದೇ ಹೋದ ಉದಾಹರಣೆಗಳನ್ನು ಬಲ್ಲವರು ದಯವಿಟ್ಟು ಹಂಚಿಕೊಳ್ಳಬೇಕೆಂದು ಕೋರುತ್ತೇನೆ. ನಾವು ಯಾವ ಪ್ರಶ್ನೆಯನ್ನು ಕೇಳಲಿಲ್ಲ ಎಂಬುದು ನನಗೆ ತಿಳಿಯಬೇಕಾಗಿದೆ.

ಬೇಸಾಯಶಾಸ್ತ್ರ ವಿಭಾಗದವರು

ಮೊದಲು ತಾಕಿನ ಲೆಕ್ಕದಿಂದಲೇ ಆರಂಭಿಸೋಣ. ನಾಲ್ಕು ಸಾಲು, ನಾಲ್ಕು ಮೀಟರ್ ಉದ್ದದ ತಾಕಿನಲ್ಲಿ ಬಂದ ಕಾಳನ್ನು ಗ್ರಾಮಿನಲ್ಲಿ ತೂಗಿ, ಅದನ್ನು ಹೆಕ್ಟೇರಿಗೆ ಗುಣಿಸಿದಾಗ ತಪ್ಪುಗಳೂ ಗುಣಿಸಿಕೊಳ್ಳುತ್ತವೆ. ಅಂಚಿನ ಸಾಲಿನ ಗಿಡಗಳಿಗೆ ಬೆಳಕು ಮತ್ತು ತೇವ ಹೆಚ್ಚು ಸಿಗುತ್ತದೆ. ಕೇಂದ್ರದ ತಾಕಿನಲ್ಲಿ ಹದ ಬಂದ ದಿನವೇ ಬಿತ್ತನೆಯಾಗುತ್ತದೆ, ಕಳೆ ಹುಟ್ಟಿದ ವಾರದಲ್ಲೇ ಕಳೆ ತೆಗೆಯುವ ಆಳುಗಳಿರುತ್ತಾರೆ. ರೈತರ ಹೊಲದಲ್ಲಾದರೋ ಮುಖ್ಯ ಬೆಳೆಯ ಬಿತ್ತನೆ ಮುಗಿದ ಮೇಲೆಯೇ ಅಲಸಂದೆಯ ಸರದಿ, ಅದೂ ಬಹುತೇಕ ಜೋಳ ಅಥವಾ ಸಜ್ಜೆಯ ಸಾಲುಗಳ ನಡುವಿನ ನೆರಳಿನಲ್ಲಿ. ನಿಮ್ಮ ತಳಿಯನ್ನು ಮಿಶ್ರಬೆಳೆಯಾಗಿ ಒಮ್ಮೆಯಾದರೂ ಪರೀಕ್ಷಿಸಿದ್ದೀರಾ?

ಎರಡನೆಯದಾಗಿ, ನೀವು ಅಳೆದ ಗುಣ ಒಂದಾಗಿದ್ದು ರೈತರು ತೂಗಿ ನೋಡಿದ ಗುಣ ಬೇರೆಯಾಗಿರಬಹುದು. ಮೆಕ್ಕೆಜೋಳದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಓಪೇಕ್-2 ಎಂಬ ವಂಶವಾಹಿ ರೂಪವು ಕಾಳಿನಲ್ಲಿ ಲೈಸಿನ್ ಎಂಬ, ಪ್ರೋಟೀನಿನ ಅಗತ್ಯ ಘಟಕದ ಅಂಶವನ್ನು ಗಣನೀಯವಾಗಿ ಹೆಚ್ಚಿಸುತ್ತದೆ ಎಂಬುದು 1960ರ ದಶಕದ ಮೊದಲರ್ಧದಲ್ಲೇ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಗೊತ್ತಾಗಿತ್ತು. ಬಡವರ ಆಹಾರದ ಪ್ರೋಟೀನ್ ಸಮಸ್ಯೆ ಇನ್ನೇನು ಬಗೆಹರಿಯಿತು ಎಂದು ಹಲವರು ನಂಬಿದರು. ಆದರೆ ಆ ಕಾಳು ಸೀಮೆಸುಣ್ಣದಂತೆ ಮೆದುವಾಗಿತ್ತು, ಇಳುವರಿ ಕಡಿಮೆಯಿತ್ತು, ಕಣಜದಲ್ಲಿ ಬೇಗ ಹುಳು ಹಿಡಿಯುತ್ತಿತ್ತು. ಪೋಷಕಾಂಶದ ಆಸೆಗೆ ಯಾರು ತಾನೇ ವರ್ಷದ ದಾಸ್ತಾನನ್ನು ಹುಳುವಿಗೆ ಒಪ್ಪಿಸುತ್ತಾರೆ? ಮೆಕ್ಸಿಕೋದ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನಾ ಕೇಂದ್ರದಲ್ಲಿ ಸುರಿಂದರ್ ವಾಸಲ್ ಮತ್ತು ಇವಾಂಜೆಲೀನಾ ವಿಯೆಗಾಸ್ ಅವರು ವರ್ಷಗಳ ಕಾಲ ಕೂತು, ಪೋಷಕಾಂಶವನ್ನು ಉಳಿಸಿಕೊಂಡೇ ಕಾಳನ್ನು ಮತ್ತೆ ಗಟ್ಟಿ ಮಾಡಿದ ಮೇಲಷ್ಟೇ ಅದು ಹೊಲಕ್ಕೆ ಇಳಿಯಿತು. ಘಾನಾದಲ್ಲಿ ಇಂಥ ಮೆಕ್ಕೆಜೋಳದ ‘ಒಬಾಟನ್ಪಾ’ ತಳಿ ಬಿಡುಗಡೆಯಾಗಿದ್ದು 1992ರಲ್ಲಿ. ಶೋಧಕ್ಕೂ ಹೊಲಕ್ಕೂ ನಡುವೆ ಮೂರು ದಶಕ ಕಳೆದಿತ್ತು, ಮತ್ತು ಆ ಅವಧಿಯ ಬಹುಪಾಲು ಹೋದದ್ದು ಕಾಳನ್ನು ಗಟ್ಟಿ ಮಾಡುವ, ಯಾರ ಕಣ್ಣಿಗೂ ದೊಡ್ಡದಾಗಿ ಕಾಣದ ಕೆಲಸಕ್ಕೆ.

ಸಾಗುವಳಿದಾರ

ನಾನು ಸಂಶೋಧಕನಲ್ಲ, ಬೇಸಾಯ ಮಾಡುವವನು. ಹೊಸ ಬೀಜ ಕೈಗೆ ಬಂದಾಗ ನಾವು ಅದನ್ನು ಹೊಲದ ಒಂದು ಮೂಲೆಯಲ್ಲಿ, ಬಹುತೇಕ ಕಡಿಮೆ ಫಲವತ್ತಾದ ಮೂಲೆಯಲ್ಲಿ ಹಾಕಿ ನೋಡುತ್ತೇವೆ. ಅಲ್ಲಿ ಉಳಿದರೆ ಮಾತ್ರ ಮುಂದಿನ ವರ್ಷ ನಡುಹೊಲಕ್ಕೆ ಬರುತ್ತದೆ. ಒಂದು ವರ್ಷದ ಫಲಿತಾಂಶವನ್ನು ನಾವು ನಂಬುವುದಿಲ್ಲ, ಏಕೆಂದರೆ ಒಳ್ಳೆಯ ಮಳೆ ಬಂದ ವರ್ಷದಲ್ಲಿ ಎಲ್ಲ ಬೀಜವೂ ಒಳ್ಳೆಯ ಬೀಜವೇ. ಕೆಟ್ಟ ವರ್ಷದಲ್ಲಿ ಎಷ್ಟು ಕೈಗೆ ಹತ್ತುತ್ತದೆ ಎಂಬುದೇ ನಮ್ಮ ಲೆಕ್ಕ. ನಿಮ್ಮ ತಳಿಯನ್ನು ಬಿಟ್ಟವರನ್ನು ‘ಏಕೆ ಬಿಟ್ಟಿರಿ’ ಎಂದು ಕೇಳಬೇಡಿ, ಅದು ಆಕ್ಷೇಪಣೆಯಂತೆ ಕೇಳಿಸುತ್ತದೆ. ‘ಹೋದ ವರ್ಷ ಕಾಯಿ ಬಿಡಿಸಿದವರು ಯಾರು, ಬಿಡಿಸಿದ ಮೇಲೆ ಬಳ್ಳಿ ಏನಾಯಿತು’ ಎಂದು ಕೇಳಿ ನೋಡಿ.

ಬೀಜೋತ್ಪಾದನೆಯಲ್ಲಿರುವವರು

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಒಳ್ಳೆಯ ತಳಿಯೂ ಬೀಜದ ಕೊರತೆಯಿಂದಲೇ ಸಾಯುತ್ತದೆ ಎಂಬುದನ್ನು ನಾನು ಪ್ರತಿ ವರ್ಷ ಕಣ್ಣಾರೆ ಕಾಣುತ್ತಿದ್ದೇನೆ. ಬಿತ್ತಿದವರಲ್ಲಿ ಕೆಲವರಾದರೂ ‘ಬೀಜ ಉಳಿಯಲಿಲ್ಲ’ ಎಂದಿರಬೇಕಲ್ಲವೇ?

ಲೆಕ್ಕ ಸರಳವಾಗಿದೆ. ಹೆಕ್ಟೇರಿಗೆ 10 ಕಿಲೋ ಬೀಜ ಸಾಕಾಗುವ ಜೋಳ ಒಂದೇ ಹಂಗಾಮಿನಲ್ಲಿ ನೂರು ಪಟ್ಟು ಮೀರಿ ಹೆಚ್ಚುತ್ತದೆ. ಹೆಕ್ಟೇರಿಗೆ 100 ಕಿಲೋ ಬೀಜ ಬೇಡುವ ಶೇಂಗಾ, ಒಂದು ಟನ್ ಇಳುವರಿ ಬಂದರೂ ಹತ್ತೇ ಪಟ್ಟು ಹೆಚ್ಚುತ್ತದೆ. ಅಲಸಂದೆ ಇವೆರಡರ ನಡುವೆ ಬರುತ್ತದೆ. ಹಾಗಾಗಿ ತಳಿವರ್ಧಕ ಬೀಜದಿಂದ ಮೂಲಬೀಜ, ಮೂಲಬೀಜದಿಂದ ಪ್ರಮಾಣಿತ ಬೀಜ ಎಂಬ ಮೆಟ್ಟಿಲುಗಳನ್ನು ಹತ್ತುವಷ್ಟರಲ್ಲಿ ದ್ವಿದಳ ಧಾನ್ಯಗಳಿಗೆ ಹಲವು ಹಂಗಾಮುಗಳೇ ಬೇಕು, ನಡುವೆ ಒಂದು ವರ್ಷ ಮಳೆ ಕೈಕೊಟ್ಟರೆ ಮತ್ತೆ ಕೆಳಗಿನ ಮೆಟ್ಟಿಲಿಗೆ ಬಂದು ನಿಲ್ಲುತ್ತೇವೆ. ಮೇಲಾಗಿ ಶೇಂಗಾ, ಅಲಸಂದೆಯಂಥವು ಸ್ವಕೀಯ ಪರಾಗಸ್ಪರ್ಶದ, ಅಂದರೆ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವ ಬೆಳೆಗಳು. ಒಮ್ಮೆ ಕೊಂಡ ರೈತ ಮರುವರ್ಷ ತನ್ನ ಬೀಜವನ್ನೇ ಉಳಿಸಿಕೊಳ್ಳುತ್ತಾನೆ, ಅದು ಅವನ ಪಾಲಿಗೆ ಒಳ್ಳೆಯದೇ. ಆದರೆ ಇದೇ ಕಾರಣಕ್ಕೆ ದೊಡ್ಡ ಬೀಜ ಕಂಪನಿಗಳು ಸಂಕರ ಮೆಕ್ಕೆಜೋಳದ ಮೇಲೆ ಹಾಕುವ ಬಂಡವಾಳವನ್ನು ಅಲಸಂದೆಯ ಮೇಲೆ ಹಾಕುವುದಿಲ್ಲ. ಸಂಶೋಧನೆಗೆ ಅನುದಾನ ಕೊಡುವವರು ತಳಿ ಬಿಡುಗಡೆಯಾದ ದಿನಕ್ಕೆ ಯೋಜನೆಯನ್ನು ಮುಗಿಸುತ್ತಾರೆ. ಬೀಜದವರ ಕೆಲಸ ಆರಂಭವಾಗುವುದು ಆ ದಿನವೇ.

ಕಿತ್ತಳೆ ತಿರುಳಿನ ಸಿಹಿಗೆಣಸಿನ ಅನುಭವವನ್ನು ನೋಡಿ. ವಿಟಮಿನ್ ಎ ಕೊರತೆ ನೀಗಿಸಲು ಆಫ್ರಿಕಾದಲ್ಲಿ ಅದನ್ನು ಹರಡಿದ ಕೆಲಸಕ್ಕೆ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ ಮತ್ತು ಜಾನ್ ಲೋ ಅವರಿಗೆ, ಜೈವಿಕ ಪೋಷಕಾಂಶ ವರ್ಧನೆಯ (ತಳಿಯಲ್ಲೇ ಪೋಷಕಾಂಶ ಹೆಚ್ಚಿಸುವ ಕೆಲಸದ) ಹೊವಾರ್ತ್ ಬೂಯಿಸ್ ಅವರೊಡನೆ, 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ಆ ಬೆಳೆಗೆ ಬೀಜವೆಂದರೆ ಬಳ್ಳಿಯ ತುಂಡು. ದೀರ್ಘ ಬೇಸಿಗೆಯಲ್ಲಿ ಬಳ್ಳಿ ಒಣಗಿಹೋದರೆ, ಮಳೆ ಬಿದ್ದ ದಿನ ನೆಡಲು ಏನೂ ಇರುವುದಿಲ್ಲ. ಇದಕ್ಕೆ ಸಿಕ್ಕ ಪರಿಹಾರಗಳಲ್ಲಿ ಒಂದು ಎಷ್ಟು ಸರಳವೆಂದರೆ, ಕೊಯ್ಲಿನಲ್ಲಿ ಏಟು ತಿನ್ನದ, ಹುಳುಕಿಲ್ಲದ ಸಣ್ಣ ಗೆಡ್ಡೆಗಳನ್ನು ಆರಿಸಿ, ತೊಟ್ಟಿಯಲ್ಲಿ ಒಣಮರಳಿನ ಪದರಗಳ ನಡುವೆ ಮುಚ್ಚಿಟ್ಟು, ಮಳೆಗೆ ಆರೆಂಟು ವಾರ ಮೊದಲು ಕೈತೋಟದ ಪಾತಿಯಲ್ಲಿ ನೆಟ್ಟು ನೀರುಣಿಸಿ ಚಿಗುರಿಸುವುದು. ತಳಿಯಷ್ಟೇ ದೊಡ್ಡ ಸಂಶೋಧನೆ ಈ ಮರಳಿನ ತೊಟ್ಟಿ ಎಂದು ನಾನು ನಂಬಿದ್ದೇನೆ.

ನಿವೃತ್ತ ಕೀಟಶಾಸ್ತ್ರಜ್ಞ

ಚರ್ಚೆ ತಳಿಗಳ ಸುತ್ತಲೇ ತಿರುಗುತ್ತಿರುವುದರಿಂದ ಬೇರೆ ಬಗೆಯ ಮೂರು ಸಂಗತಿಗಳನ್ನು ಮುಂದಿಡುತ್ತೇನೆ. ಸಂಶೋಧನೆಯೊಂದು ರೈತನಿಂದ ಎಷ್ಟು ಕೇಳುತ್ತದೆ ಎಂಬುದರ ಮೇಲೆ ಅದು ಹರಡುವ ವೇಗ ನಿಂತಿದೆ ಎಂಬುದು ನನ್ನ ಅನುಭವ.

1970ರ ದಶಕದಲ್ಲಿ ಆಫ್ರಿಕಾಕ್ಕೆ ನುಸುಳಿದ ಮರಗೆಣಸಿನ ಹಿಟ್ಟುತಿಗಣೆ ಕೋಟ್ಯಂತರ ಜನರ ಆಹಾರವನ್ನೇ ಅಲುಗಾಡಿಸಿತು. ಆ ಕೀಟದ ತವರು ದಕ್ಷಿಣ ಅಮೆರಿಕ ಎಂದು ಊಹಿಸಿ, ಅಲ್ಲಿ ಹುಡುಕಾಡಿ, 1981ರಲ್ಲಿ ಪೆರಗ್ವೆಯಲ್ಲಿ ಅದನ್ನೂ ಅದರ ಸಹಜ ಶತ್ರುವಾದ, ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಪರತಂತ್ರ ಕಣಜದ ಹುಳುವನ್ನೂ ಪತ್ತೆಹಚ್ಚಲಾಯಿತು. ನೈಜೀರಿಯಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ ಹಾನ್ಸ್ ಹೆರೆನ್ ಅವರ ನೇತೃತ್ವದಲ್ಲಿ ಆ ಕಣಜವನ್ನು ಸಾಕಿ, ದೇಶದಿಂದ ದೇಶಕ್ಕೆ ಬಿಡುಗಡೆ ಮಾಡಿದರು. ರೈತ ಏನನ್ನೂ ಕೊಳ್ಳಬೇಕಾಗಿರಲಿಲ್ಲ, ಕಲಿಯಬೇಕಾಗಿರಲಿಲ್ಲ, ಕಣಜ ತಾನೇ ಹರಡಿತು. 2008ರ ಹೊತ್ತಿಗೆ ಅದೇ ತಿಗಣೆ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡಾಗ ಅಲ್ಲಿಗೂ ಅದೇ ಕಣಜ ಹೋಯಿತು.

ಇದಕ್ಕೆ ತೀರಾ ಭಿನ್ನವಾದದ್ದು ಕೆನ್ಯಾದಲ್ಲಿ ರೂಪುಗೊಂಡ ‘ತಳ್ಳು-ಸೆಳೆ’ ಪದ್ಧತಿ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವನ್ನು ಬಿತ್ತುತ್ತಾರೆ. ಅದರ ವಾಸನೆ ಕಾಂಡಕೊರಕದ ಪತಂಗಗಳನ್ನು ದೂರ ತಳ್ಳುತ್ತದೆ. ಹೊಲದ ಸುತ್ತ ನೆಟ್ಟ ನೇಪಿಯರ್ ಹುಲ್ಲು ಅವುಗಳನ್ನು ತನ್ನತ್ತ ಸೆಳೆದು ಮೊಟ್ಟೆ ಇಡಿಸಿಕೊಳ್ಳುತ್ತದೆ, ಆದರೆ ಮರಿಹುಳುಗಳಲ್ಲಿ ಹೆಚ್ಚಿನವು ಅಲ್ಲಿ ಬದುಕುವುದಿಲ್ಲ. ಜೋಳ ಮತ್ತು ಮೆಕ್ಕೆಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆಯನ್ನು ಡೆಸ್ಮೋಡಿಯಂ ಬೇರುಗಳು ಅಡಗಿಸುತ್ತವೆ ಎಂಬುದು ಮೊದಲಿಗೆ ಯಾರ ಲೆಕ್ಕದಲ್ಲೂ ಇರಲಿಲ್ಲ, ಹೊಲದಲ್ಲಿ ಕಂಡ ಮೇಲೆ ಅದರ ರಸಾಯನಶಾಸ್ತ್ರವನ್ನು ಬಿಡಿಸಿದರು. ಇಷ್ಟೆಲ್ಲ ಗುಣವಿದ್ದೂ ಈ ಪದ್ಧತಿ ನಿಧಾನವಾಗಿ ಹರಡುತ್ತದೆ. ಮೊದಲ ಹಂಗಾಮಿನಲ್ಲಿ ಡೆಸ್ಮೋಡಿಯಂ ಎಳೆಯದಿರುವಾಗ ಕೈಯಿಂದಲೇ ಕಳೆ ಕೀಳಬೇಕು, ಅದರ ಬೀಜ ಸುಲಭವಾಗಿ ಸಿಗುವುದಿಲ್ಲ. ಇದು ಹಲವು ವರ್ಷ ನಿಲ್ಲುವ ಬೆಳೆಯಾದ್ದರಿಂದ ಗೇಣಿ ಭೂಮಿಯವನಿಗೆ ಮನಸ್ಸಾಗುವುದಿಲ್ಲ. ಹಸು ಸಾಕುವ ಮನೆಯವರು ಮಾತ್ರ ಇದನ್ನು ಬೇಗ ಹಿಡಿದುಕೊಂಡರು, ಏಕೆಂದರೆ ಅವರಿಗೆ ಎರಡೂ ಗಿಡಗಳು ಮೇವಾಗಿ ಒದಗಿದವು.

ಮೂರನೆಯದು ಇಂಡೋನೇಷ್ಯಾ. ಭತ್ತದ ಕಂದು ಜಿಗಿಹುಳು ಕೀಟನಾಶಕ ಹೊಡೆದಷ್ಟೂ ಹೆಚ್ಚುತ್ತಿತ್ತು, ಏಕೆಂದರೆ ಅದನ್ನು ತಿನ್ನುವ ಜೇಡಗಳೂ ದುಂಬಿಗಳೂ ಮೊದಲು ಸಾಯುತ್ತಿದ್ದವು. ಸರ್ಕಾರ 1986ರಲ್ಲಿ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು, 1989ರಿಂದ ರೈತ ಕ್ಷೇತ್ರ ಪಾಠಶಾಲೆಗಳು ನಡೆದವು. ವಾರಕ್ಕೊಮ್ಮೆ ರೈತರ ಗುಂಪು ಗದ್ದೆಗಿಳಿದು, ಬುಡ ಬುಡವನ್ನೂ ಬಗ್ಗಿ ನೋಡಿ, ಹುಳು ಎಷ್ಟು, ಜೇಡ ಎಷ್ಟು, ತೆಂಡೆ ಎಷ್ಟು ಎಂದು ಎಣಿಸಿ, ದಡದಲ್ಲಿ ಕೂತು ದೊಡ್ಡ ಹಾಳೆಯ ಮೇಲೆ ಚಿತ್ರ ಬಿಡಿಸಿ, ಸಿಂಪಡಣೆ ಬೇಕೇ ಬೇಡವೇ ಎಂದು ತಾವೇ ತೀರ್ಮಾನಿಸುತ್ತಿದ್ದರು. ಇಂಥ ಜ್ಞಾನವನ್ನು ಪೊಟ್ಟಣದಲ್ಲಿ ಹಾಕಿ ಹಂಚಲಾಗದು, ಒಂದು ಇಡೀ ಹಂಗಾಮು ಜೊತೆಗಿರಬೇಕು. ನಿಮ್ಮ ಅಲಸಂದೆ ಈ ಮೂರರಲ್ಲಿ ಯಾವ ಬಗೆಯದು ಎಂದು ತಂಡದವರು ಮೊದಲೇ ಕೇಳಿಕೊಂಡಿದ್ದರೆ, ಹಂಚುವ ಕ್ರಮವೂ ಬೇರೆಯಾಗುತ್ತಿತ್ತೇನೋ.

ಕೃಷಿ ಅರ್ಥಶಾಸ್ತ್ರದ ವಿದ್ಯಾರ್ಥಿ

ಹಣದ ಮತ್ತು ಕಾಲದ ವಿಷಯವನ್ನು ಸೇರಿಸಬಯಸುತ್ತೇನೆ. ಭತ್ತದ ಗದ್ದೆಯನ್ನು ಸದಾ ನೀರಿನಲ್ಲಿ ಮುಳುಗಿಸಿಡದೆ, ತೂತು ಕೊರೆದ ಕೊಳವೆಯೊಂದನ್ನು ಮಣ್ಣಿನಲ್ಲಿ ಹುಗಿದು, ನೀರು ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲಷ್ಟೇ ಮತ್ತೆ ಹಾಯಿಸುವ ಪದ್ಧತಿ ಇದೆ. ಇಳುವರಿ ಕುಗ್ಗದೆ ನೀರು ಉಳಿಯುತ್ತದೆ ಎಂಬುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ಬಾಂಗ್ಲಾದೇಶದಲ್ಲಿ ಈ ಕೊಳವೆಗಳನ್ನು ರೈತರಿಗೆ ಕೊಟ್ಟು ಅಧ್ಯಯನ ಮಾಡಿದಾಗ, ಹಂಗಾಮಿಗೆ ಇಷ್ಟು ಎಂದು ವಿಸ್ತೀರ್ಣದ ಮೇಲೆ ನೀರಿನ ಶುಲ್ಕ ಕಟ್ಟುತ್ತಿದ್ದವರಲ್ಲಿ ನೀರಿನ ಬಳಕೆ ತಗ್ಗಲಿಲ್ಲ, ಬಳಸಿದಷ್ಟಕ್ಕೆ ಹಣ ಕೊಡುತ್ತಿದ್ದವರಲ್ಲಿ ತಗ್ಗಿತು. ಕೊಳವೆಯೂ ಅದೇ, ವಿಜ್ಞಾನವೂ ಅದೇ. ಉಳಿಸಿದ ನೀರಿನ ಲಾಭ ಯಾರಿಗೆ ಸೇರುತ್ತದೆ ಎಂಬುದಷ್ಟೇ ಬೇರೆಯಾಗಿತ್ತು.

ಇನ್ನೊಂದು ಕೆನ್ಯಾದ್ದು. ಗೊಬ್ಬರದ ಲಾಭ ಗೊತ್ತಿದ್ದೂ ರೈತರು ಕೊಳ್ಳುತ್ತಿರಲಿಲ್ಲ, ಏಕೆಂದರೆ ಸುಗ್ಗಿಯಲ್ಲಿ ಕೈಯಲ್ಲಿದ್ದ ಹಣ ಬಿತ್ತನೆಯ ಹೊತ್ತಿಗೆ ಕರಗಿರುತ್ತಿತ್ತು. ಎಸ್ತರ್ ಡುಫ್ಲೋ, ಮೈಕಲ್ ಕ್ರೆಮರ್ ಮತ್ತು ಜೊನಾಥನ್ ರಾಬಿನ್ಸನ್ ಅವರು ಸುಗ್ಗಿಯಾದ ಕೂಡಲೇ ಮನೆಬಾಗಿಲಿಗೆ ಹೋಗಿ, ಈಗಲೇ ಹಣ ಕೊಟ್ಟರೆ ಸಾಗಣೆ ಉಚಿತ ಎಂದು ಹೇಳಿದರು, ಅಷ್ಟರಿಂದಲೇ ಗೊಬ್ಬರದ ಬಳಕೆ ಗಣನೀಯವಾಗಿ ಏರಿತು. ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತಾವು ಬೀಜ ಹಂಚಿದ್ದು ವರ್ಷದ ಯಾವ ತಿಂಗಳಲ್ಲಿ ಎಂದು ತಿಳಿಸಬಹುದೇ, ಮೇಡಂ?

ಅಲಸಂದೆ ಸಂಶೋಧಕಿ

ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ಸಾಗುವಳಿದಾರರು ಸೂಚಿಸಿದಂತೆಯೇ ಕೇಳಬೇಕೆಂದು ನಿರ್ಧರಿಸಿ, ಕಳೆದ ವಾರ ಬೀಜ ಪಡೆದಿದ್ದ ಕುಟುಂಬಗಳನ್ನು ಭೇಟಿಯಾಗಿ ಬಂದೆ. ಒಂದು ಮನೆಯಲ್ಲಿ ನಡೆದದ್ದನ್ನು ಇದ್ದಂತೆ ಹೇಳುತ್ತೇನೆ. ಕಾಯಿ ಬಿಡಿಸಿದವರು ಯಾರು ಎಂದು ಕೇಳಿದಾಗ, ಅದುವರೆಗೆ ನಮ್ಮ ಸಭೆಗಳಲ್ಲಿ ಮಾತನಾಡುತ್ತಿದ್ದ ಯಜಮಾನರು ಸುಮ್ಮನಾದರು, ಒಳಗಿನಿಂದ ಅವರ ಪತ್ನಿ ಹೊರಗೆ ಬಂದು ಕೂತರು. ನಮ್ಮ ತಳಿಯ ಕಾಯಿಗಳೆಲ್ಲ ಒಂದೇ ವಾರದಲ್ಲಿ ಮಾಗಿದವು, ಅದೇ ವಾರ ಮುಖ್ಯ ಬೆಳೆಯ ಕಳೆ ತೆಗೆಯುವ ಕೆಲಸವೂ ಇತ್ತು, ಬಿಡಿಸುವುದು ತಡವಾಗಿ ಅರ್ಧ ಕಾಯಿ ಮಳೆಗೆ ಸಿಕ್ಕಿ ಕಪ್ಪಾಯಿತು ಎಂದರು. ಹಳೆಯ ತಳಿಯಾದರೆ ದಿನಕ್ಕೆ ಒಂದು ಮಡಿಲಿನಷ್ಟು ಬಿಡಿಸುತ್ತಾ ಹೋಗಬಹುದು, ಅಡುಗೆಗೂ ಆಗುತ್ತದೆ.

ಆಮೇಲೆ ಅವರು ಕೊಟ್ಟಿಗೆಯ ಅಟ್ಟಕ್ಕೆ ಕೈ ತೋರಿಸಿದರು. ಅಲ್ಲಿ ಹಳೆಯ ತಳಿಯ ಒಣಗಿದ ಬಳ್ಳಿಯ ಹೊರೆಗಳನ್ನು ಸುತ್ತಿ ಪೇರಿಸಿಟ್ಟಿದ್ದರು. ಹೊಸ ತಳಿಯ ಬಳ್ಳಿ ಎಲ್ಲಿ ಎಂದೆ. ಇಷ್ಟೇ ಬಂದದ್ದು ಎಂದು ತೋಳಿನಲ್ಲಿ ಅಪ್ಪಿಕೊಳ್ಳುವಷ್ಟು ಅಳತೆ ತೋರಿಸಿದರು. ಬೇಸಿಗೆಯಲ್ಲಿ ಆಡುಗಳನ್ನು ಬದುಕಿಸುವುದು ಆ ಹೊರೆಗಳೇ. ಗಿಡ ಹಬ್ಬದಂತೆ, ಬಲವೆಲ್ಲ ಕಾಳಿಗೆ ಹೋಗುವಂತೆ ಆಯ್ಕೆ ಮಾಡಿದ್ದು ನಾವೇ, ಅದನ್ನೇ ಸಾಧನೆ ಎಂದು ಬರೆದುಕೊಂಡಿದ್ದೇವೆ. ಮೂರು ಹಂಗಾಮಿನ ನಮ್ಮ ದಾಖಲೆ ಪುಸ್ತಕದಲ್ಲಿ ಒಣಮೇವಿನ ತೂಕಕ್ಕೆ ಒಂದು ಅಂಕಣವೂ ಇರಲಿಲ್ಲ. ಈ ಮಾತನ್ನು ಬರೆಯುವಾಗ ನನಗೆ ಬೇಸರವಾಗುತ್ತಿದೆ.

ಬೀಜ ಹಂಚಿದ್ದು ಬಿತ್ತನೆಗೆ ಎರಡು ವಾರ ಮೊದಲು. ಆದ್ದರಿಂದ ಸಮಯದ ತೊಂದರೆ ಇರಲಿಲ್ಲ. ಬೀಜ ಉಳಿಯದ ತೊಂದರೆ ಇತ್ತು, ಮೂರು ಮನೆಗಳಲ್ಲಿ ಡಬ್ಬದ ಕಾಳು ಹುಳು ಹಿಡಿದು ತೂತಾಗಿತ್ತು.

ವಿಸ್ತರಣಾ ಕಾರ್ಯಕರ್ತೆ

ಹುಳು ಹಿಡಿಯುವ ಸಮಸ್ಯೆಗೆ ಉತ್ತರ ಅಲಸಂದೆಯ ಸಂಶೋಧನೆಯಿಂದಲೇ ಬಂದಿದೆ. 1980ರ ದಶಕದ ಕೊನೆಯಲ್ಲಿ ಕ್ಯಾಮರೂನಿನಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಅಲ್ಲಿನ ವಿಜ್ಞಾನಿಗಳು ಆರಂಭಿಸಿದ ಕೆಲಸದಿಂದ ಮೂರು ಪದರದ ಚೀಲ ರೂಪುಗೊಂಡಿತು. ಒಳಗೆ ದಪ್ಪ ಪಾಲಿಥೀನಿನ ಎರಡು ಚೀಲ, ಹೊರಗೆ ನೇಯ್ದ ಚೀಲ. ಗಾಳಿಯನ್ನು ಒತ್ತಿ ಹೊರಗೆ ಹಾಕಿ, ಒಂದೊಂದು ಪದರವನ್ನೂ ಬೇರೆ ಬೇರೆಯಾಗಿ ತಿರುಚಿ ಕಟ್ಟಿದರೆ, ಒಳಗಿನ ಹುಳುಗಳೇ ಆಮ್ಲಜನಕವನ್ನು ಮುಗಿಸಿಕೊಂಡು ನಿಶ್ಚಲವಾಗುತ್ತವೆ. ಔಷಧ ಬೇಕಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಇದನ್ನು ಪ್ರಚಾರ ಮಾಡಿದ ರೀತಿ ನನಗೆ ಬಹಳ ಇಷ್ಟ. ಹುಳುಕು ಕಾಳನ್ನೇ ಚೀಲಕ್ಕೆ ತುಂಬಿ, ಹಳ್ಳಿಯಲ್ಲೇ ಬಿಟ್ಟು, ತಿಂಗಳುಗಳ ನಂತರ ಎಲ್ಲರನ್ನೂ ಸೇರಿಸಿ ಎಲ್ಲರ ಎದುರಿಗೆ ಬಿಚ್ಚುತ್ತಿದ್ದರು. ಭಾಷಣದ ಅಗತ್ಯ ಬೀಳುತ್ತಿರಲಿಲ್ಲ.

ಹಿರಿಯ ತಳಿಶಾಸ್ತ್ರಜ್ಞ

ಇಲ್ಲಿಯವರೆಗಿನ ಮಾತುಗಳನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆ ಹೇಳಬೇಕೆನಿಸುತ್ತದೆ. ರೈತರು ಕೇಳಿದ್ದನ್ನಷ್ಟೇ ಮಾಡಬೇಕು ಎಂದು ಹೊರಟರೆ ಮೂಲ ಸಂಶೋಧನೆ ನಿಂತುಹೋಗುತ್ತದೆ. ಒಡಿಶಾ ಮೂಲದ ಎಫ್‌ಆರ್‌13ಎ ಎಂಬ ಭತ್ತ ಎರಡು ವಾರದ ಮುಳುಗಡೆಯನ್ನೂ ತಾಳುತ್ತದೆ ಎಂದು ವಿಜ್ಞಾನಿಗಳಿಗೆ ದಶಕಗಳಿಂದ ಗೊತ್ತಿತ್ತು. ಅದರಿಂದ ಮಾಡಿದ ಆರಂಭದ ಸಂಕರಗಳನ್ನು ರೈತರು ಒಪ್ಪಲಿಲ್ಲ, ಮುಳುಗಡೆ ಸಹಿಸುವ ಗುಣದ ಜೊತೆಗೆ ಬೇಡದ ಗುಣಗಳೂ ಬಂದಿದ್ದವು. ಮುಳುಗಡೆ ತಾಳುವ ಗುಣ ಕೊಡುವ ಸಬ್1ಎ ವಂಶವಾಹಿಯನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದ್ದು ಪ್ರಯೋಗಾಲಯದ ವಿಜ್ಞಾನ. ಅದೊಂದನ್ನೇ ಗುರುತುಕಾರಕಗಳ (ವಂಶವಾಹಿ ಇದೆಯೇ ಎಂದು ತೋರಿಸುವ ಡಿಎನ್ಎ ಗುರುತುಗಳ) ನೆರವಿನಿಂದ, ಮರುಸಂಕರಣದ ಮೂಲಕ, ಅಂದರೆ ಮೂಲ ತಳಿಯೊಡನೆ ಮತ್ತೆ ಮತ್ತೆ ಸಂಕರ ಮಾಡಿ, ಮೊದಲಿನಿಂದಲೇ ಜನಪ್ರಿಯವಾಗಿದ್ದ ಸ್ವರ್ಣ ತಳಿಗೆ ಸೇರಿಸಿದರು, ಉಳಿದೆಲ್ಲವೂ ಸ್ವರ್ಣವಾಗಿಯೇ ಉಳಿಯಿತು. 2009ರಲ್ಲಿ ಭಾರತದಲ್ಲಿ ಸ್ವರ್ಣ-ಸಬ್1 ಬಿಡುಗಡೆಯಾಯಿತು. ಆನಂತರ ಒಡಿಶಾದಲ್ಲಿ ನಡೆದ ಅಧ್ಯಯನದಲ್ಲಿ, ಈ ಬೀಜ ಪಡೆದವರು ನೆರೆಯ ಭಯ ತಗ್ಗಿದ್ದರಿಂದ ಗೊಬ್ಬರಕ್ಕೂ ನಾಟಿಗೂ ಹೆಚ್ಚು ಖರ್ಚು ಮಾಡಲು ಧೈರ್ಯ ತಾಳಿದ್ದು ಕಂಡುಬಂತು. ಯಾವ ರೈತನೂ ವಂಶವಾಹಿಯ ಹೆಸರು ಹಿಡಿದು ಕೇಳಿರಲಿಲ್ಲ. ಆದರೆ ಸ್ವರ್ಣವನ್ನು ಬಿಡಲಾರೆ ಎಂದು ಅವನು ವರ್ಷ ವರ್ಷವೂ ಬಿತ್ತನೆಯ ಮೂಲಕ ಹೇಳುತ್ತಲೇ ಇದ್ದ.

ಆದ್ದರಿಂದ ಮೇಡಂ, ನಿಮ್ಮ ತಳಿಯ ಅಲ್ಪಾವಧಿಯ ಗುಣವನ್ನು ಎಸೆಯಬೇಡಿ. ಅದನ್ನು ಹಬ್ಬುವ ಸ್ಥಳೀಯ ತಳಿಯೊಡನೆ ಮರುಸಂಕರಿಸಿ ನೋಡಿ.

ಬೇಸಾಯಶಾಸ್ತ್ರ ವಿಭಾಗದವರು

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಸೇರ್ಪಡೆ ಇದೆ. ಆಯ್ಕೆಯ ಹಂತದಲ್ಲೇ ರೈತರನ್ನು, ಮುಖ್ಯವಾಗಿ ಮಹಿಳೆಯರನ್ನು ಕರೆಯಬೇಕು. ರುವಾಂಡಾದಲ್ಲಿ ಹುರುಳಿಕಾಯಿ ಕಾಳಿನ ತಳಿಗಳನ್ನು ಬಿಡುಗಡೆಗೆ ಮುನ್ನವೇ ಅನುಭವಿ ರೈತ ಮಹಿಳೆಯರಿಗೆ ಕೇಂದ್ರದಲ್ಲಿ ತೋರಿಸಿ ಆರಿಸಲು ಹೇಳಿದಾಗ, ಅವರು ಆರಿಸಿದವು ಅವರ ಹೊಲಗಳಲ್ಲಿ ವಿಜ್ಞಾನಿಗಳು ಆರಿಸಿದ್ದಕ್ಕಿಂತ ಚೆನ್ನಾಗಿ ನಿಂತವು. ಈಗ ಬಳಕೆಯಲ್ಲಿರುವ ಇನ್ನೊಂದು ಕ್ರಮದಲ್ಲಿ ಪ್ರತಿ ರೈತರಿಗೂ ಹತ್ತಾರು ತಳಿಗಳ ಪೈಕಿ ಮೂರನ್ನು ಮಾತ್ರ, ಹೆಸರು ತಿಳಿಸದೆ, ಕೊಡುತ್ತಾರೆ. ಮೂರರಲ್ಲಿ ಯಾವುದು ಎಲ್ಲಕ್ಕಿಂತ ಒಳ್ಳೆಯದು, ಯಾವುದು ಎಲ್ಲಕ್ಕಿಂತ ಕಳಪೆ ಎಂದಷ್ಟೇ ಅವರು ಹೇಳುತ್ತಾರೆ. ನೂರಾರು ಹೊಲಗಳ ಇಂಥ ಉತ್ತರಗಳನ್ನು ಕೂಡಿಸಿದರೆ ಯಾವ ಮಣ್ಣಿಗೆ, ಯಾವ ಮಳೆಗೆ ಯಾವುದು ಹೊಂದುತ್ತದೆ ಎಂಬುದು ತಿಳಿಯುತ್ತದೆ.

ಅಲಸಂದೆ ಸಂಶೋಧಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ತಂಡದೊಡನೆ ಮಾತನಾಡಿ ಮುಂದಿನ ಹಂಗಾಮಿಗೆ ಹೀಗೆ ತೀರ್ಮಾನಿಸಿದ್ದೇವೆ. ನಾವು ಎರಡು ವರ್ಷದ ಹಿಂದೆ ‘ಹಬ್ಬುತ್ತದೆ’ ಎಂದು ಕೈಬಿಟ್ಟಿದ್ದ ಏಳು ಪ್ರಾಯೋಗಿಕ ತಳಿಗಳ ಬೀಜ ಶೀತಲಗೃಹದಲ್ಲಿ ಇನ್ನೂ ಇದೆ, ಅವನ್ನು ಹೊರತೆಗೆದು ಜೋಳದ ಸಾಲುಗಳ ನಡುವೆ ಮೂರು ಮೂರರಂತೆ ರೈತರ ಹೊಲಗಳಲ್ಲೇ ಬಿತ್ತಿಸುತ್ತೇವೆ. ಕಾಳನ್ನೂ ಒಣಮೇವನ್ನೂ ತೂಗುತ್ತೇವೆ, ಕಾಯಿ ಬಿಡಿಸಿದ ದಿನಗಳನ್ನು ಬಿಡಿಸಿದವರಿಂದಲೇ ಬರೆಸಿಕೊಳ್ಳುತ್ತೇವೆ. ತಳಿಗಳು ಏಳೇ ಇರುವುದರಿಂದ ಇವುಗಳ ಬೀಜ ಹೆಚ್ಚಿಸಲು ಈಗಲೇ ತಾಕು ಹಾಕಬೇಕೇ, ಆಯ್ಕೆಯಾದ ಮೇಲೆ ಹಾಕಿದರೆ ಸಾಕೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಬೀಜೋತ್ಪಾದನೆಯಲ್ಲಿರುವವರು

ಈಗಲೇ ಹಾಕಿ, ಏಳಕ್ಕೂ ಹಾಕಿ. ಆಯ್ಕೆಗೆ ಕಾದರೆ ಒಂದು ಇಡೀ ವರ್ಷ ಕಳೆಯುತ್ತದೆ. ಬಳಸದ ಬೀಜ ಉಳಿದರೆ ಅದನ್ನು ಕಾಳಾಗಿ ಮಾರಬಹುದು. ಬೀಜದ ತಾಕಿಗೆ ಮಳೆಗಾಲದ ಕೊನೆಯ ಬಿತ್ತನೆಯನ್ನೇ ಆರಿಸಿಕೊಳ್ಳಿ, ಏಕೆಂದರೆ ಕಾಯಿ ಮಾಗುವ ಹೊತ್ತಿಗೆ ಮಳೆ ಸಿಕ್ಕರೆ ಕಾಳಿನ ಬಣ್ಣ ಕೆಡುವುದಲ್ಲದೆ ಮೊಳೆಯುವ ಶಕ್ತಿಯೂ ಕುಗ್ಗುತ್ತದೆ. ಒಣಗಿಸಿದ ಮೇಲೆ ಒಂದು ಕಾಳನ್ನು ಹಲ್ಲಿನಿಂದ ಕಚ್ಚಿ ನೋಡಿ, ಟಕ್ಕೆಂದು ಮುರಿದರೆ ಮಾತ್ರ ಚೀಲಕ್ಕೆ ತುಂಬಿ.